ಹೊಟ್ಟೆ ಉರಿಗೆ ಖಾರ ಒಂದೇ ಕಾರಣವಲ್ಲ

"ಅತ್ತಿ, ಊಟಾ ಯಾಕ ಬಿಟ್ರಿ?"

"ಹೊಟ್ಯಾಗ ಉರಿತದವ್ವಾ. ಶೇಂಗಾ ಹಿಂಡಿ ಖಾರ ಆಗಿತ್ತು."

"ಮೊಣಕಾಲ ನೋವಿಗಂತ ದಿನಾ ಗುಳಿಗಿ ನುಂಗತೀರಲ್ಲ, ಅದರ ಉರಿ ಇರಬೇಕು. ದವಾಖಾನಿಗಿ ಹೋಗೂಣ ನಡೀರಿ."

ಸೊಸೆಯ ಮಾತು ಸರಿ. ನಮ್ಮ ಅಕ್ಕಲಕೋಟ ಕಡೆ ಹೊಟ್ಟೆ ಉರಿದರೆ ಮೆಣಸಿನಕಾಯಿಯನ್ನೇ ಬೈಯುತ್ತೇವೆ. ಖಾರದಿಂದ ಉರಿ ಹೆಚ್ಚಬಹುದು, ನಿಜ. ಆದರೆ ಹೊಟ್ಟೆಯಲ್ಲಿ ಹುಣ್ಣು ಮಾಡುವುದು ಹೆಚ್ಚಾಗಿ ಒಂದು ರೋಗಾಣು. ಇಲ್ಲವೇ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್‌ನಂಥ ನೋವಿನ ಗುಳಿಗೆ. (ಹೃದಯಕ್ಕೆಂದು ಡಾಕ್ಟರರು ಕೊಟ್ಟ ಆಸ್ಪಿರಿನ್ ಅನ್ನು ಮಾತ್ರ ಅವರನ್ನು ಕೇಳದೆ ನಿಲ್ಲಿಸಬೇಡಿ.)

ರೋಗಾಣುವಿನ ಹೆಸರು ಹೆಲಿಕೋಬ್ಯಾಕ್ಟರ್ ಪೈಲೊರಿ. ಹೆಸರು ಉದ್ದ, ಬಾಯಿಪಾಠ ಬೇಡ. ಇದು ಹೆಚ್ಚಾಗಿ ಚಿಕ್ಕಂದಿನಲ್ಲೇ ಮನೆಯವರಿಂದ ಅಂಟುತ್ತದೆ. ಇದು ಹೊಟ್ಟೆಯಲ್ಲಿದ್ದವರಿಗೆಲ್ಲ ಹುಣ್ಣು ಆಗುವುದಿಲ್ಲ. ಆಸ್ಟ್ರೇಲಿಯಾದ ಡಾಕ್ಟರ್ ಬ್ಯಾರಿ ಮಾರ್ಷಲ್ 1984ರಲ್ಲಿ ಈ ರೋಗಾಣು ಬೆರೆತ ರಸವನ್ನು ತಾವೇ ಕುಡಿದುಬಿಟ್ಟರು! ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು, ಹೊಟ್ಟೆಯ ಒಳಪದರ ಬಾತಿತು. ಅವರಿಗೂ ಜೊತೆಗಾರ ರಾಬಿನ್ ವಾರೆನ್ ಅವರಿಗೂ 2005ರಲ್ಲಿ ನೊಬೆಲ್ ಬಹುಮಾನ ಬಂತು.

ಹುಣ್ಣು ಆದವರಿಗೆ ಎದೆಗೂಡಿನ ಕೆಳಗೆ, ಹೊಕ್ಕಳದ ಮೇಲೆ ಉರಿ ಅಥವಾ ನೋವು ಬರುತ್ತದೆ. ಕೆಲವರಿಗೆ ಹಸಿದಾಗ, ನಡುರಾತ್ರಿಯಲ್ಲಿ ಹೆಚ್ಚು. ಎರಡು ತುತ್ತು ರೊಟ್ಟಿ ತಿಂದರೆ ಕಡಿಮೆ. ಇನ್ನು ಕೆಲವರಿಗೆ ಉಂಡ ಮೇಲೆಯೇ ನೋವು. ತೇಗು, ಹೊಟ್ಟೆ ಉಬ್ಬರ, ವಾಕರಿಕೆಯೂ ಇರಬಹುದು. ಸೋಡಾ ಕುಡಿದರೆ ಹಗುರ ಅನಿಸಬಹುದು, ಹುಣ್ಣು ಮಾತ್ರ ಮಾಯುವುದಿಲ್ಲ.

ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಹೋದರೆ ಹುಣ್ಣಿನಿಂದ ರಕ್ತ ಸೋರುತ್ತಿರಬಹುದು. ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯಂಥದ್ದು ಬಂದರೂ ಹಾಗೆಯೇ. ಒಮ್ಮೆಲೇ ತಡೆಯಲಾರದ ನೋವು ಬಂದು ಹೊಟ್ಟೆ ಹಲಗೆಯಂತೆ ಬಿಗಿದರೆ ಹುಣ್ಣು ತೂತಾಗಿರಬಹುದು. ಆಗ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಕಬ್ಬಿಣದ ಗುಳಿಗೆ ನುಂಗಿದರೂ ಮಲ ಕಪ್ಪಾಗುತ್ತದೆ. ಆದರೆ ಅದು ಯಾವುದೆಂದು ಮನೆಯಲ್ಲೇ ತೀರ್ಮಾನ ಮಾಡುವುದು ಬೇಡ, ತೋರಿಸಿಯೇ ಬಿಡಿ.

ರೋಗಾಣು ಇದೆಯೇ ಎಂದು ಉಸಿರು ಅಥವಾ ಮಲದ ಪರೀಕ್ಷೆಯಿಂದ ತಿಳಿಯುತ್ತದೆ. ಬೇಕಾದರೆ ಬಾಯಿಯಿಂದ ಸಣ್ಣ ಕೊಳವೆ ಇಳಿಸಿ ಹುಣ್ಣನ್ನೇ ನೋಡುತ್ತಾರೆ. ರೋಗಾಣು ಇದ್ದರೆ ಮೂರು ನಾಲ್ಕು ಬಗೆಯ ಔಷಧ ಕೊಡುತ್ತಾರೆ, ಸಾಮಾನ್ಯವಾಗಿ 14 ದಿನ. ನಾಲ್ಕೇ ದಿನಕ್ಕೆ ಉರಿ ಇಳಿಯಬಹುದು. "ಆರಾಮ ಆಯ್ತು" ಅಂತ ಅರ್ಧಕ್ಕೆ ಬಿಟ್ಟರೆ ಉಳಿದ ರೋಗಾಣು ಆಮೇಲೆ ಅದೇ ಔಷಧಕ್ಕೆ ಬಗ್ಗದೆ ಹೋಗಬಹುದು. ಔಷಧ ಮುಗಿದು ಒಂದು ತಿಂಗಳಾದ ಮೇಲೆ ಮತ್ತೊಮ್ಮೆ ಪರೀಕ್ಷೆ ಯಾವಾಗ ಎಂದು ಡಾಕ್ಟರರನ್ನು ಕೇಳಿಕೊಳ್ಳಿ.