ತಿಂಗಳ ಕೊನೆಯ ಶನಿವಾರ, ತಲೆಗೆ ಏಳುನೂರು

ದಿಢೀರನೆ ಹೊರಡುವ ಬೈಕ್ ಪ್ರವಾಸದ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಪೆಟ್ರೋಲಿನದು. ಉಳಿದದ್ದು ತಿಂಡಿ, ಊಟ, ಪಾರ್ಕಿಂಗ್, ಜೊತೆಗೆ ದಾರಿಯಲ್ಲಿ ಎದುರಾಗುವ ಒಂದಲ್ಲ ಒಂದು ತೊಂದರೆ. ಹೋಗೋಣ ಎಂಬ ತೀರ್ಮಾನ ಹತ್ತು ನಿಮಿಷದಲ್ಲಿ ಆಗಬಹುದು. ತಲೆಗೆ ಎಷ್ಟು ಎಂಬುದು ಮಾತ್ರ ಗಾಡಿ ಸ್ಟಾರ್ಟ್ ಆಗುವ ಮೊದಲೇ ತೀರ್ಮಾನವಾಗಿರಬೇಕು.

ಇಂಥ ತೀರ್ಮಾನಗಳು ಬೆಂಗಳೂರಿನ ಮಡಿವಾಳದಲ್ಲಿ ವಾರವಾರವೂ ಆಗುತ್ತವೆ. ಪಕ್ಕದ ಬಿಟಿಎಂ ಲೇಔಟ್‌ನಂತೆ ಇಲ್ಲಿಯೂ ಓಣಿ ಓಣಿಗೆ ಪಿಜಿಗಳಿವೆ; ಮೊದಲ ಕೆಲಸಕ್ಕೆ ಸೇರಿದವರು ಮೂರು ಮಂಚದ ಕೋಣೆಗಳಲ್ಲಿ ಇರುತ್ತಾರೆ. ಶುಕ್ರವಾರ ರಾತ್ರಿ ಹೊಸೂರು ರಸ್ತೆಯ ಅಂಚಿನಲ್ಲಿ ಕೇರಳ, ತಮಿಳುನಾಡಿನ ಖಾಸಗಿ ಬಸ್‌ಗಳು ಸಾಲುಗಟ್ಟುತ್ತವೆ, ಬ್ಯಾಗ್ ಹೊತ್ತವರು ಊರಿಗೆ ಹೊರಡುತ್ತಾರೆ. ಉಳಿದವರ ಮುಂದೆ ಎರಡು ದಿನ ರಜೆ ಇರುತ್ತದೆ. ತಿಂಗಳ ಕೊನೆಯಾದರೆ ಖಾತೆಯಲ್ಲಿ ಹಣ ಮಾತ್ರ ಇರುವುದಿಲ್ಲ.

2023ರ ನವೆಂಬರ್ 25ರ ಶನಿವಾರ ಇಂಥದೊಂದು ಪಿಜಿಯಿಂದ ನಾಲ್ವರು ಎರಡು ಬೈಕ್‌ಗಳಲ್ಲಿ ಶಿವನಸಮುದ್ರಕ್ಕೆ ಹೊರಟರು. ಅವರಲ್ಲೊಬ್ಬ ಈ ಅಂಕಣಕಾರ. ಮೈಸೂರಿನ ಎಕ್ಸ್‌ಪ್ರೆಸ್‌ವೇಯಲ್ಲಿ ಆ ವರ್ಷದ ಆಗಸ್ಟ್ 1ರಿಂದ ಬೈಕ್‌ಗಳಿಗೆ ಪ್ರವೇಶ ನಿಂತಿತ್ತು. ಆ ದಾರಿ ಬಿಟ್ಟು ಸಿಲ್ಕ್ ಬೋರ್ಡ್, ಜಯದೇವ, ಸಾರಕ್ಕಿ ದಾಟಿ ಕನಕಪುರ ರಸ್ತೆ ಹಿಡಿದರೆ ಸಾತನೂರು, ಹಲಗೂರು, ಮಳವಳ್ಳಿ ಮೇಲೆ ನೇರ ದಾರಿ. ಹೋಗಿ ಬರಲು ಸುಮಾರು 280 ಕಿ.ಮೀ.

ಮೊತ್ತ ನಿಗದಿಯಾದ ಬಗೆ ಹೇಳುವಂಥದ್ದು. ಇಬ್ಬರು ಸಾವಿರದೈನೂರು ಹಾಕಲು ಸಿದ್ಧರಿದ್ದರು. ನಾಲ್ಕನೆಯವನು ಮಾತಾಡಲಿಲ್ಲ, ಫೋನ್ ತಿರುಗಿಸಿ ತೋರಿಸಿದ: ಖಾತೆಯಲ್ಲಿ 740 ರೂಪಾಯಿ ಇತ್ತು. ಹಾಗಾಗಿ ತಲೆಗೆ 700 ಎಂದಾಯಿತು. ಗುಂಪಿನ ಬಜೆಟ್ಟು ಎಲ್ಲರಿಗಿಂತ ಕಡಿಮೆ ಇರುವವನ ಜೇಬಿಗೆ ಹೊಂದಬೇಕು. ಸರಾಸರಿ ಲೆಕ್ಕ ಹಿಡಿದರೆ ಅವನು ಸಾಲ ಮಾಡುತ್ತಾನೆ, ಇಲ್ಲವೇ ಹುಷಾರಿಲ್ಲ ಎಂದು ಹೇಳಿ ಕೋಣೆಯಲ್ಲೇ ಉಳಿಯುತ್ತಾನೆ. ಎರಡನೆಯದು ಪಿಜಿಗಳಲ್ಲಿ ಆಗಾಗ ನಡೆಯುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ.

ಕೂಡಿದ್ದು 2,800 ರೂಪಾಯಿ. ಬೆಂಗಳೂರಿನಲ್ಲಿ ಆಗ ಪೆಟ್ರೋಲ್ ಲೀಟರಿಗೆ 101.94 ರೂಪಾಯಿ. ಇಬ್ಬರನ್ನು ಹೊತ್ತ ಬೈಕ್ ಲೀಟರಿಗೆ 40 ಕಿ.ಮೀ. ಕೊಟ್ಟರೆ ಏಳು ಲೀಟರ್ ಬೇಕು, ಎರಡು ಬೈಕ್‌ಗೆ 1,427 ರೂಪಾಯಿ. ಕನಕಪುರದಲ್ಲಿ ಇಡ್ಲಿ ಕಾಫಿಗೆ 260, ಮಳವಳ್ಳಿಯ ಊಟಕ್ಕೆ 360, ಪಾರ್ಕಿಂಗ್‌ಗೆ 80, ಎಳನೀರು, ಟೀಗೆ 220. ಹಲಗೂರಿನ ಆಚೆ ಹಿಂದಿನ ಚಕ್ರ ಪಂಕ್ಚರ್ ಆಯಿತು, ಅದಕ್ಕೆ 150. ಪಂಕ್ಚರ್ ಅಂಗಡಿಯ ಗೋಡೆಯ ಮೇಲೆ ಕ್ಯೂಆರ್ ಕೋಡ್ ಇತ್ತು, ನೆಟ್‌ವರ್ಕ್ ಇರಲಿಲ್ಲ. ಹೆಲ್ಮೆಟ್ಟಿನ ಒಳಪದರದಲ್ಲಿ ನಾಲ್ಕಾಗಿ ಮಡಚಿಟ್ಟಿದ್ದ ಇನ್ನೂರರ ನೋಟು ಆಗ ಕೆಲಸಕ್ಕೆ ಬಂತು. ಒಟ್ಟು ಖರ್ಚು 2,497, ಉಳಿದದ್ದು 303.

ಪಂಕ್ಚರ್ ಆದ ಬೈಕ್ ಸ್ನೇಹಿತನೊಬ್ಬನಿಂದ ಕೇಳಿ ತಂದದ್ದು. ಆ 150 ರೂಪಾಯಿಯನ್ನು ಓಡಿಸುತ್ತಿದ್ದವನೇ ಕೊಡಬೇಕೇ, ಎಲ್ಲರೂ ಹಂಚಿಕೊಳ್ಳಬೇಕೇ ಎಂಬ ಪ್ರಶ್ನೆ ರಸ್ತೆ ಬದಿಯಲ್ಲೇ ಎದ್ದಿತು. ಒಟ್ಟು ಹಣದಿಂದ ಕೊಟ್ಟದ್ದೇ ಸರಿ; ಪ್ರಯಾಣ ನಾಲ್ವರದು. ಕೇಳಿ ತಂದ ಗಾಡಿಯ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆಯೊಂದಿದೆ, ಅದು ಹೆಚ್ಚಿನವರಿಗೆ ತಿಳಿದಿಲ್ಲ. ಗಾಡಿಯ ವಿಮೆಯ ಜೊತೆ ಬರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಮಾಲೀಕನೇ ಓಡಿಸುವಾಗ ಅವನಿಗೆ ಮಾತ್ರ ಅನ್ವಯ. ಕೇಳಿ ಪಡೆದು ಓಡಿಸುವವನಿಗೆ ಅದು ಸಿಗದು. ಅವನ ಹೆಸರಿನಲ್ಲಿ ಬೇರೆ ಅಪಘಾತ ವಿಮೆ ಇರಬೇಕು. ಬಾಡಿಗೆ ಬೈಕ್ ಪಡೆಯುವವರು ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ನಂಬರ್ ಇದೆಯೇ ಎಂದು ನೋಡಬೇಕು. ಹಿಂದೆ ಕೂರುವವರಿಗೂ ಹೆಲ್ಮೆಟ್ 2016ರ ಜನವರಿಯಿಂದ ಕರ್ನಾಟಕದಲ್ಲಿ ಕಡ್ಡಾಯ.

ತಿಂಗಳ ಕೊನೆಯಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿ ಹೊರಡುವುದು ಕಡಿಮೆ ಖರ್ಚಿನ ಪ್ರವಾಸವಲ್ಲ. ಬಿಲ್ ಪೂರ್ತಿ ಕಟ್ಟದಿದ್ದರೆ ಬಡ್ಡಿ ತಿಂಗಳಿಗೆ ಶೇ 3.5ರ ಆಸುಪಾಸು, ಅಂದರೆ ವರ್ಷಕ್ಕೆ ಶೇ 42.

ಈ ನಾಲ್ವರು ಹೋದ 2023 ಬರದ ವರ್ಷ. ಶಿವನಸಮುದ್ರದ ಗಗನಚುಕ್ಕಿ ಜಲಪಾತದಲ್ಲಿ ಕಾವೇರಿ ಬಂಡೆಗಳ ನಡುವೆ ಬಿಳಿ ಎಳೆಗಳಾಗಿ ಇಳಿಯುತ್ತಿದ್ದಳು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ಕೊಟ್ಟದ್ದು ಇದೇ ನೀರು. ನಾಲ್ವರೂ ಕಟ್ಟೆಯ ಮೇಲೆ ಒಂದು ಗಂಟೆ ಕೂತರು. ಅದಕ್ಕೆ ಕಾಸು ಖರ್ಚಾಗಲಿಲ್ಲ, ಆ ದಿನದ ಒಳ್ಳೆಯ ಗಂಟೆಯೂ ಅದೇ. ಅಲ್ಲಿಂದಲೇ ಈ ಅಂಕಣಕಾರ ಮನೆಗೆ ಫೋನ್ ಮಾಡಿದ. ದುಡ್ಡು ಇದೆಯಾ ಎಂದು ಅಮ್ಮ ಕೇಳಿದರು. ಇದೆ ಎಂಬ ಉತ್ತರ ಅಂದು ಮೊದಲ ಬಾರಿಗೆ ನಿಜವಾಗಿತ್ತು.

ಉಳಿದ 303 ರೂಪಾಯಿಯಲ್ಲಿ ತಲೆಗೆ 75ರಂತೆ ಅದೇ ರಾತ್ರಿ ವಾಪಸ್ಸಾಯಿತು. ಸಂಬಳ ಬರಲು ಇನ್ನೂ ದಿನಗಳಿದ್ದವು; ನಾಲ್ಕನೆಯವನ ಖಾತೆಯಲ್ಲಿ 115 ರೂಪಾಯಿ ಇತ್ತು, ಮೈಮೇಲೆ ಸಾಲ ಇರಲಿಲ್ಲ.