ಎರೆ ನೆಲದ ಧೂಳು ಮತ್ತು ಒಂದು ತಗಡಿನ ಪಟ್ಟಿ

ಕಾರಿಗೆ ಹೊರಗಿನ ಏರ್ ಫಿಲ್ಟರ್ ಹಾಕಿಸುವವರು ಜಾಲರಿ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಸದ್ದು ಕೇಳುತ್ತಾರೆ. ಅದನ್ನು ಹಿಡಿದು ನಿಲ್ಲಿಸುವ ಪಟ್ಟಿ, ಕ್ಲಿಪ್ಪು, ರಬ್ಬರನ್ನು ಮುಟ್ಟಿ ನೋಡುವವರು ಕಡಿಮೆ. ಯಾದಗಿರಿ, ಶಹಾಪುರ, ಸುರಪುರದ ನಡುವೆ ವರ್ಷಗಟ್ಟಲೆ ಓಡಾಡಿದ ಮೇಲೆ ಹೇಳುತ್ತಿದ್ದೇನೆ, ನಮ್ಮ ಕಡೆ ಮೊದಲು ಕೈಕೊಡುವುದು ಇವೇ.

ನಾನು ಕೊಂಡ ಹಳೆಯ ಪೆಟ್ರೋಲ್ ಕಾರಿನಲ್ಲಿ ಏರ್ ಫಿಲ್ಟರ್ ಕೂರುವ ಕಂಪನಿಯ ಕಪ್ಪು ಡಬ್ಬಿ ಇರಲಿಲ್ಲ. ಹಿಂದಿನ ಮಾಲೀಕರು ಅದನ್ನು ತೆಗೆಸಿ, ಅಲ್ಯುಮಿನಿಯಂ ಪೈಪಿನ ತುದಿಗೆ ತೊಳೆದು ಬಳಸುವ ಕೋನ್ ಫಿಲ್ಟರ್ ಕೂರಿಸಿದ್ದರು. ಫಿಲ್ಟರ್ ಗಟ್ಟಿಯಾಗಿಯೇ ಇತ್ತು. ಬಿರುಕು ಬಿಟ್ಟದ್ದು ಪೈಪನ್ನು ಹಿಡಿದಿದ್ದ ತಗಡಿನ ಪಟ್ಟಿ, ಅದೂ ಸರಿಯಾಗಿ ಬಾಗಿದ ಮೂಲೆಯಲ್ಲಿ. ಎಂಜಿನ್ ತನ್ನ ರಬ್ಬರ್ ಮೌಂಟಿನ ಮೇಲೆ ಒಂದು ರೀತಿ ಅಲುಗುತ್ತದೆ, ಬಾಡಿ ಇನ್ನೊಂದು ರೀತಿ. ಪೈಪಿನ ತುದಿ ಎಂಜಿನ್ನಿಗೆ, ಪಟ್ಟಿ ಬಾಡಿಗೆ. ನಡುವೆ ರಬ್ಬರ್ ಬುಷ್ ಇಲ್ಲದಿದ್ದರೆ ಗುಂಡಿ ಬಿದ್ದ ರಸ್ತೆಯ ಎಳೆದಾಟವೆಲ್ಲ ಆ ಮೂಲೆಯ ಮೇಲೆಯೇ. “ವೆಲ್ಡಿಂಗ್ ಹೊಡದ್ರ ಮತ್ತ ಅದರ ಬಾಜೂಕ ಸೀಳ್ತದರಿ ಸರ. ದಪ್ಪ ಪಟ್ಟಿ ಮಾಡಿ ನಡಕ ರಬ್ಬರ್ ಕೊಡೂಣ್ರಿ,” ಎಂದರು ಶಹಾಪುರದ ಮೆಕ್ಯಾನಿಕ್. ಹಾಗೇ ಮಾಡಿದರು. ಒಳಗೆ ನೈಲಾನ್ ಬಳೆ ಇರುವ ನಟ್ ಹಾಕಿದರು. ಆ ಪಟ್ಟಿ ಇವತ್ತಿಗೂ ಸೀಳಿಲ್ಲ.

ರಬ್ಬರಿನ ಕಥೆ ಇದಕ್ಕಿಂತ ಗಂಭೀರ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ನೆರಳಲ್ಲೇ 42 ಡಿಗ್ರಿ ದಾಟುವ ದಿನಗಳಿವೆ. ಬಾನೆಟ್ ಒಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಪೈಪ್ ಜೋಡಿಸುವ ರಬ್ಬರ್ ತೋಳು ಕಾದು ಕಾದು ಬಿರುಸಾಗುತ್ತದೆ, ಕ್ಲಿಪ್ ಸಡಿಲವಾಗುತ್ತದೆ, ಕೂದಲೆಳೆಯಷ್ಟು ಸಂದು ಬೀಳುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿಸಲು ಎಂಜಿನ್ ಸುಮಾರು 9,000 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ಫಿಲ್ಟರ್ ದಾಟಿದ ಮೇಲೆ ಸಂದಿದ್ದರೆ, ಎಷ್ಟು ದುಬಾರಿ ಫಿಲ್ಟರ್ ಇದ್ದರೂ ಉಪಯೋಗವಿಲ್ಲ. ಎರೆ ಹೊಲದ ಒಣ ಧೂಳು ಹಿಟ್ಟಿನಷ್ಟು ನುಣುಪು. ಅದರಲ್ಲಿ ಬೆರೆತ ಮರಳಿನ ಕಣ ಸಿಲಿಂಡರ್ ಗೋಡೆ, ಪಿಸ್ಟನ್ ರಿಂಗುಗಳನ್ನು ಸವೆಸುತ್ತದೆ. ಆಮೇಲೆ ಎಂಜಿನ್ ಆಯಿಲ್ ಕುಡಿಯಲು ಶುರುಮಾಡುತ್ತದೆ, ಹೊಗೆ ನೀಲಿಯಾಗುತ್ತದೆ.

ತೊಗರಿ ರಾಶಿಯ ದಿನಗಳಲ್ಲಿ ರಸ್ತೆಯೇ ಮಬ್ಬಾಗುತ್ತದೆ. ಹತ್ತಿ ಗಾಡಿಗಳ ಹಿಂದೆ ಹೋದರೆ ಅರಳೆಯ ಎಳೆಗಳು ಬಯಲಲ್ಲಿರುವ ಫಿಲ್ಟರಿಗೆ ಅಂಟುತ್ತವೆ. ಆ ಸುಗ್ಗಿಯಲ್ಲಿ ಫಿಲ್ಟರಿನಿಂದಾಚೆಯ ಪೈಪನ್ನು ಬಿಚ್ಚಿ, ಒಳಗೆ ಬಿಳಿ ಬಟ್ಟೆಯಿಂದ ಒರೆಸಿ ನೋಡುತ್ತೇನೆ. ಮಣ್ಣು ಬಂದರೆ ಎಲ್ಲೋ ಸೋರುತ್ತಿದೆ. ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಸಿಕ್ಕಿಲ್ಲ. ಕ್ಲಿಪ್ ತುಕ್ಕು ಹಿಡಿಯದ ಉಕ್ಕಿನದಿರಲಿ. ಅತಿ ಬಿಗಿದರೆ ಅದೇ ರಬ್ಬರನ್ನು ಕೊಯ್ಯುತ್ತದೆ. ತೊಳೆದ ಫಿಲ್ಟರಿಗೆ ಹಚ್ಚುವ ಎಣ್ಣೆ ಹೆಚ್ಚಾದರೆ ಗಾಳಿ ಅಳೆಯುವ ಸೆನ್ಸರಿಗೆ ಪೊರೆ ಕಟ್ಟುತ್ತದೆ.

ಬಂಪರ್ ಹಿಂದೆ, ನೆಲಕ್ಕೆ ಹತ್ತಿರ ಕೂರಿಸುವ ಫಿಲ್ಟರಂತೂ ಬೇಡವೇ ಬೇಡ. ಮಳೆಗಾಲದಲ್ಲಿ ಹಳ್ಳ ದಾಟುವಾಗ ನೀರು ಎಳೆದುಕೊಂಡರೆ ಕನೆಕ್ಟಿಂಗ್ ರಾಡೇ ಬಾಗಬಹುದು.

ಇನ್ನು ಕೋನ್ ಫಿಲ್ಟರಿನಿಂದ ಹೆಚ್ಚು ಶಕ್ತಿ ಬರುತ್ತದೆಂಬ ಮಾತು. ಗಾಳಿ ಪ್ರತಿ 10 ಡಿಗ್ರಿ ಹೆಚ್ಚು ಕಾದಂತೆ ಸುಮಾರು ಶೇ 3ರಷ್ಟು ತೆಳುವಾಗುತ್ತದೆ. ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆಯುವ ಕೋನ್ ಫಿಲ್ಟರ್ ನಮ್ಮ ಬೇಸಿಗೆಯಲ್ಲಿ ಶಕ್ತಿ ಕೊಡುವುದಕ್ಕಿಂತ ಕಳೆಯುವ ಸಂಭವವೇ ಹೆಚ್ಚು. ನಮ್ಮ ಮೂರೂ ತಾಲ್ಲೂಕಿನ ರಸ್ತೆಗಳಿಗೆ ಕಂಪನಿಯ ಮುಚ್ಚಿದ ಡಬ್ಬಿಯೇ ಮೇಲು. ಹೊಸದು ಬೇಕೇ ಬೇಕೆನ್ನುವವರು ಅಂಗಡಿಯಲ್ಲಿ ಮೊದಲು ಪಟ್ಟಿಯ ದಪ್ಪ ನೋಡಿ, ಬಿಡಿ ರಬ್ಬರ್ ಸಿಗುತ್ತದೆಯೇ ಕೇಳಿ. ಕಳಚಿದ ಕಪ್ಪು ಡಬ್ಬಿಯನ್ನು ಮಾತ್ರ ಗುಜರಿಗೆ ಹಾಕಬೇಡಿ.