ಜಾರಿಗೆ ಮುನ್ನ ಪರೀಕ್ಷೆ

ಮಹಾರಾಷ್ಟ್ರದ ದೌಂಡ್ ತಾಲ್ಲೂಕಿನ ಕುರ್ಕುಂಭದಂಥ ಕೈಗಾರಿಕಾ ಪ್ರದೇಶಗಳಲ್ಲಿ ಕಂಪ್ಯೂಟರ್ ಲಾಗಿನ್‌ಗಳ ಹೊಣೆ ಹೊತ್ತಿರುವ ಕನ್ನಡಿಗರಿಗೆ ಒಂದು ಕಿವಿಮಾತು: ಯಾರು ಏನನ್ನು ತೆರೆಯಬಹುದೆಂಬ ನಿಯಮವನ್ನು ತಿದ್ದಿದ ಕೂಡಲೇ ಜಾರಿಗೊಳಿಸಬೇಡಿ. ಒಂದು ಸಾಲು ತಪ್ಪಿದರೆ ರಾತ್ರಿ ಪಾಳಿಯವರ ಕೆಲಸ ನಿಲ್ಲಬಹುದು, ಇಲ್ಲವೇ ಕೆಲಸ ಬಿಟ್ಟು ಹೋದವರಿಗೂ ಪ್ರವೇಶ ಉಳಿದುಬಿಡಬಹುದು. ಮೊದಲೇ ಪರೀಕ್ಷಿಸಿ ನೋಡಲು ದಾರಿಗಳಿವೆ. ಅಮೆಜಾನ್ ಕ್ಲೌಡ್‌ನ ಪಾಲಿಸಿ ಸಿಮ್ಯುಲೇಟರ್ ನಿಜವಾದ ಕೋರಿಕೆ ಕಳಿಸದೆಯೇ ಅನುಮತಿ ಸಿಗುವುದೋ ಇಲ್ಲವೋ ತೋರಿಸುತ್ತದೆ. ಮೈಕ್ರೋಸಾಫ್ಟ್‌ನ ಲಾಗಿನ್ ನಿರ್ವಹಣಾ ಸೇವೆ ಎಂಟ್ರಾದ ‘ರಿಪೋರ್ಟ್ ಓನ್ಲಿ’ ವಿಧಾನ ನಿಯಮವನ್ನು ಹೇರದೆ ಅದರ ಪರಿಣಾಮವನ್ನಷ್ಟೇ ದಾಖಲಿಸುತ್ತದೆ.

ಇಂಥ ಪರೀಕ್ಷೆಗೆಲ್ಲ ಸಮಯವೆಲ್ಲಿ ಎನ್ನುವವರು, ತಪ್ಪಾದ ಮೇಲೆ ಸರಿಪಡಿಸಲು ಇದಕ್ಕಿಂತ ಹೆಚ್ಚು ಸಮಯ ಬೇಕೆಂಬುದನ್ನು ನೆನಪಿಡಬೇಕು. ಪರೀಕ್ಷೆಯಲ್ಲಿ ಎಲ್ಲವೂ ಕಾಣಿಸದೆಂಬ ಆಕ್ಷೇಪ ನಿಜ. ಅದಕ್ಕಾಗಿಯೇ ಹಳೆಯ ನಿಯಮದ ಪ್ರತಿ ಉಳಿಸಿಕೊಳ್ಳಿ, ತುರ್ತು ಖಾತೆಯೊಂದನ್ನು ಬೇರೆಯೇ ಇಡಿ, ಹೊಸ ನಿಯಮವನ್ನು ಮೊದಲು ನಾಲ್ಕಾರು ಮಂದಿಗಷ್ಟೇ ಅನ್ವಯಿಸಿ ನೋಡಿ.